ಅಪ್‌ಡೇಟ್: ಶಿರಸಿಯಲ್ಲಿ ಬೇಸಿಗೆ ಬಟ್ಟೆ ಬೇಕಾ?

ಶಿರಸಿಯಂಥ ತಂಪು ಊರಲ್ಲಿ ಬೇಸಿಗೆಗೆಂದೇ ಬಟ್ಟೆ ಕೊಳ್ಳುವುದು ದಂಡವೇ ಎಂದು ಕೇಳಿದ್ದೆ. ಈಗ ಸ್ಪಷ್ಟ: ಬೇಕು, ಆದರೆ ಮೂರು ಜೊತೆ ಸಾಕು. ಏಪ್ರಿಲ್ ಮಧ್ಯಾಹ್ನ ಇಲ್ಲೂ ಸುಡುತ್ತದೆ. ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋದರಂತೂ ಬೆವರು ಆರುವುದೇ ಇಲ್ಲ. ಪಾಲಿಸ್ಟರ್ ಮೈಗಂಟುತ್ತದೆ, ತೆಳು ಹತ್ತಿಯೇ ಸರಿ. ಬೆಳಕಿಗೆ ಹಿಡಿದರೆ ನೇಯ್ಗೆಯ ಸಂದು ಕಾಣಬೇಕು. ಸ್ವಲ್ಪ ಸಡಿಲವಾಗಿಯೇ ತಗೊಳ್ಳಿ, ಮೊದಲ ಒಗೆತಕ್ಕೆ ಹತ್ತಿ ಕುಗ್ಗುತ್ತದೆ.

ನಿಜವಾದ ನಷ್ಟ ಮಳೆಗಾಲದಲ್ಲಿ. ಗಂಜಿ ಹಾಕಿದ ಬಟ್ಟೆ ಹಾಗೇ ಮಡಚಿಟ್ಟರೆ ಜುಲೈ ಹೊತ್ತಿಗೆ ಮಡಿಕೆಯ ಗೆರೆಯುದ್ದಕ್ಕೂ ಕಪ್ಪು ಬೂಸಲಿನ ಚುಕ್ಕೆ. ಗಂಜಿಯ ಪಿಷ್ಟವೇ ಬೂಸಲಿಗೆ ಊಟ, ಆ ಕಲೆ ಸುಲಭಕ್ಕೆ ಹೋಗುವುದಿಲ್ಲ. ಮೇ ಮುಗಿಯುವ ಮೊದಲೇ ಗಂಜಿ ಪೂರ್ತಿ ತೊಳೆದು, ಎರಡು ದಿನ ಬಿಸಿಲಿಗೆ ಒಣಗಿಸಿ, ಹೊರಗೋಡೆಗೆ ತಾಗದ ಕಪಾಟಿನಲ್ಲಿಡಿ.