ಮೀನಿನ ಟ್ಯಾಂಕಿಗೆ ಆರ್‌ಒ ನೀರು: ಹಿಡಿದಿಟ್ಟರೆ ಕೆಡುತ್ತಾ?

ಪ್ರಶ್ನೆ (ಕುವೆಂಪುನಗರ, ಮೈಸೂರು):
ನಮಸ್ಕಾರ ಸರ್. ಮನೆಯಲ್ಲಿ 100 ಲೀಟರಿನ ಟ್ಯಾಂಕ್ ಇದೆ. ಟೆಟ್ರಾ ಮೀನುಗಳಿವೆ, ಈಗ ಹೊಸದಾಗಿ ಚೆರ್ರಿ ಸಿಗಡಿ ತರಬೇಕು ಅಂತಿದ್ದೇನೆ. ನಮ್ಮ ಅಪಾರ್ಟ್‌ಮೆಂಟಿಗೆ ಬೋರ್‌ವೆಲ್ ನೀರೇ ಜಾಸ್ತಿ, ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣದ ಅಳತೆ) 700 ತೋರಿಸುತ್ತದೆ. ಹಾಗಾಗಿ ಅಡುಗೆಮನೆಯ ಆರ್‌ಒ ನೀರನ್ನು ದಿನಾ ಸ್ವಲ್ಪ ಸ್ವಲ್ಪ ಹಿಡಿದಿಟ್ಟು, ಭಾನುವಾರ 25 ಲೀಟರ್ ಬದಲಾಯಿಸುವ ಯೋಚನೆ. ನಮ್ಮತ್ತೆ ತಮ್ಮ ಹಳೇ ತಾಮ್ರದ ಹಂಡೆ ಕೊಟ್ಟಿದ್ದಾರೆ, ತಾಮ್ರದಲ್ಲಿ ನೀರು ಕೆಡಲ್ಲ ಅಂತ. ಎಷ್ಟು ದಿನ ಇಡಬಹುದು?

ಉತ್ತರ:
ಮೇಡಂ, ದಿನದ ಲೆಕ್ಕ ಆಮೇಲೆ ನೋಡೋಣ. ಮೊದಲು ಹಂಡೆಯನ್ನು ಅತ್ತೆಯವರಿಗೆ ವಾಪಸ್ ಕೊಟ್ಟುಬಿಡಿ. ತಾಮ್ರ ಸಿಗಡಿಗೂ ಬಸವನಹುಳುವಿಗೂ ವಿಷ. ಅದರಲ್ಲೂ ಆರ್‌ಒ ನೀರಿನಲ್ಲಿ ಖನಿಜಾಂಶ ಇರುವುದೇ ಇಲ್ಲ ಅನ್ನಬಹುದು. ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಅದು ಸ್ವಲ್ಪ ಹುಳಿಯಾಗುತ್ತದೆ. ಅಂಥ ನೀರು ಲೋಹವನ್ನು ಬೋರ್ ನೀರಿಗಿಂತ ಬೇಗ ಕರಗಿಸಿಕೊಳ್ಳುತ್ತದೆ. ಹಿತ್ತಾಳೆ ಕೊಳಗಕ್ಕೂ, ಡ್ರಮ್ಮಿಗೆ ಹಾಕಿಸುವ ಹಿತ್ತಾಳೆ ನಲ್ಲಿಗೂ ಇದೇ ಮಾತು. ನಲ್ಲಿ ಪ್ಲಾಸ್ಟಿಕ್‌ದೇ ಇರಲಿ.

ಆಹಾರಕ್ಕೆ ಬಳಸುವ ಪ್ಲಾಸ್ಟಿಕ್ ಡ್ರಂ ಸಾಕು. ತಳದಲ್ಲಿ ತ್ರಿಕೋನದ ಗುರುತಿನೊಳಗೆ 2 ಅಥವಾ 5 ಅಂತ ಇರುವುದನ್ನು ನೋಡಿ ತಗೊಳ್ಳಿ. ಮನೆಯಲ್ಲಿ ಒಳ್ಳೆ ಸ್ಟೀಲ್ ಡ್ರಂ ಇದ್ದರೆ ಅದೂ ಆಗುತ್ತದೆ. ಬಿಸಿಲು ಬೀಳದ ಕಡೆ ಇಡಿ, ಇಲ್ಲದಿದ್ದರೆ ಪಾಚಿ ಕಟ್ಟುತ್ತದೆ. ಫಿನಾಯಿಲ್, ಪೇಂಟ್, ಸೀಮೆಎಣ್ಣೆ ಇಡುವ ಮೂಲೆ ಬೇಡ. 50 ಲೀಟರ್ ಅಂದರೆ 50 ಕೆಜಿ ಭಾರ, ಅಲ್ಲಾಡುವ ಸ್ಟೂಲಿನ ಮೇಲೆ ಏರಿಸಬೇಡಿ.

ಇನ್ನು ದಿನದ ಮಾತು. ಶುಚಿಯಾದ ಮುಚ್ಚಿದ ಡ್ರಮ್ಮಿನಲ್ಲಿ ವಾರವೇನು, ಎರಡು ವಾರ ಇಟ್ಟರೂ ಮೀನಿಗೆ ತೊಂದರೆ ಇಲ್ಲ. ಕುಡಿಯಲು ಮಾತ್ರ ಅದನ್ನು ಬಳಸಬೇಡಿ. ಕ್ಲೋರಿನ್ ಇಲ್ಲದ ನೀರು, ಸೂಕ್ಷ್ಮಜೀವಿ ಬೆಳೆಯುತ್ತವೆ. ಟ್ಯಾಂಕಿನೊಳಗೆ ಹೇಗೂ ಅವು ಬೇಕಾದಷ್ಟಿರುತ್ತವೆ, ಮೀನಿಗೆ ಅದು ಹೊಸದಲ್ಲ.

ಪ್ರಶ್ನೆ (ಅದೇ ಮೇಡಂ):
ಹಂಡೆ ವಾಪಸ್ ಮಾಡುವುದೇ ಕಷ್ಟದ ಕೆಲಸ ಸರ್ 😄 ಹಿಡಿದಿಟ್ಟ ನೀರನ್ನು ಹಾಗೇ ಸುರಿಯಬಹುದಾ? ಮೊದಲ ದಿನ ಟಿಡಿಎಸ್ 20 ಇತ್ತು, ಪಿಎಚ್ (ಹುಳಿಯ ಅಳತೆ) ಮೀಟರ್ ಇಟ್ಟರೆ 5.8, ಆಮೇಲೆ 6.3. ಯಾವುದು ಸರಿ?

ಉತ್ತರ:
ಸ್ನಾನಕ್ಕೆ ನೀರು ಕಾಯಿಸೋಕೆ ಹಂಡೆ ಬೇಕೇ ಬೇಕು ಅನ್ನಿ, ಅತ್ತೆ ಒಪ್ಪುತ್ತಾರೆ.

ಪಿಎಚ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಇಷ್ಟು ಕಡಿಮೆ ಲವಣ ಇರುವ ನೀರಿನಲ್ಲಿ ಆ ಮೀಟರ್ ಒಂದು ಕಡೆ ನಿಲ್ಲುವುದಿಲ್ಲ. ಖನಿಜ ಸೇರಿಸಿದ ಮೇಲೆ ನೋಡಿ. ಬರೀ ಆರ್‌ಒ ನೀರನ್ನೇ ಸುರಿಯುತ್ತಾ ಹೋದರೆ ಟ್ಯಾಂಕಿನಲ್ಲಿ ಪಿಎಚ್ ಹಿಡಿದಿಡುವ ಕಾರ್ಬೊನೇಟ್ ಕಡಿಮೆಯಾಗುತ್ತಾ ಬಂದು, ಒಂದು ದಿನ ಪಿಎಚ್ ದಡಕ್ಕನೆ ಬೀಳಬಹುದು. ಸಿಗಡಿಗೆ ಕ್ಯಾಲ್ಸಿಯಂ ಸಾಲದೆ ಚಿಪ್ಪು ಕಳಚುವಾಗ ಸಾಯುತ್ತವೆ.

ಸುಲಭದ ದಾರಿ ಬೆರೆಸುವುದು. ಮೂರು ಪಾಲು ಆರ್‌ಒ, ಒಂದು ಪಾಲು ಬೋರ್ ನೀರು. 20 ಮತ್ತು 700ರ ಲೆಕ್ಕದಲ್ಲಿ 190 ಆಸುಪಾಸಿಗೆ ಬರುತ್ತದೆ, ನಿಮ್ಮ ಮೀನು, ಸಿಗಡಿ ಎರಡಕ್ಕೂ ಆಗುತ್ತದೆ. ಆದರೆ ಒಂದು ವಿಷಯ ಸೆಕ್ರೆಟರಿ ಹತ್ತಿರ ಕೇಳಿ: ಅಪಾರ್ಟ್‌ಮೆಂಟಿನಲ್ಲಿ ಸಾಫ್ಟ್‌ನರ್ ಇದೆಯಾ? ಉಪ್ಪು ಹಾಕಿ ನಡೆಸುವ ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ. ಟಿಡಿಎಸ್ ಹೆಚ್ಚುಕಮ್ಮಿ ಅಷ್ಟೇ ತೋರಿಸುತ್ತದೆ, ಸಿಗಡಿಗೆ ಬೇಕಾದದ್ದು ಮಾತ್ರ ಹೋಗಿರುತ್ತದೆ. ಹಾಗಿದ್ದರೆ ಬೆರೆಸಬೇಡಿ, ಸಿಗಡಿಗೆಂದೇ ಸಿಗುವ ಖನಿಜದ ಪುಡಿ ತಗೊಳ್ಳಿ. ಪುಡಿಯನ್ನು ಬಳಸುವ ದಿನವೇ ಕಲಸಿ. ಸುರಿಯುವ ಮುಂಚೆ ಒಂದೆರಡು ಗಂಟೆ ಏರ್‌ಸ್ಟೋನ್ (ಏರ್ ಪಂಪಿಗೆ ಸಿಕ್ಕಿಸುವ ಗುಳ್ಳೆ ಬಿಡುವ ಕಲ್ಲು) ಬಿಟ್ಟು, ನೀರಿನ ಬಿಸಿ ಟ್ಯಾಂಕಿನಷ್ಟೇ ಇದೆಯಾ ನೋಡಿ. ಡಿಸೆಂಬರ್ ಬೆಳಗ್ಗೆ ಬಾಲ್ಕನಿಯ ಡ್ರಂ ನೀರು ಸಿಕ್ಕಾಪಟ್ಟೆ ತಣ್ಣಗಿರುತ್ತದೆ. ಏರ್ ಪಂಪ್ ಇರುವ ಕೋಣೆಯಲ್ಲಿ ಸೊಳ್ಳೆ ಲಿಕ್ವಿಡ್ ಹಚ್ಚಬೇಡಿ. ಪಂಪ್ ಅದೇ ಗಾಳಿಯನ್ನು ನೀರಿಗೆ ಊದುತ್ತದೆ.

ಟಿಡಿಎಸ್ ಅಳೆಯುವ ಆ ಪೆನ್ನನ್ನು ಡ್ರಮ್ಮಿನಲ್ಲೂ ಆಗಾಗ ಅದ್ದಿ. ಹಿಡಿದಾಗ 20 ಇದ್ದದ್ದು ಸುಮ್ನೆ ಇಟ್ಟಲ್ಲೇ 40 ಆದರೆ ಡ್ರಮ್ಮಿನಿಂದ ಏನೋ ಬಿಡುತ್ತಿದೆ ಅಂತ ಅರ್ಥ. ಆದರೆ ಪೆನ್ ಸುಮ್ಮನಿದ್ದ ಮಾತ್ರಕ್ಕೆ ತಾಮ್ರ ಇಲ್ಲ ಅಂದುಕೊಳ್ಳಬೇಡಿ. ಸಿಗಡಿ ಕೊಲ್ಲುವಷ್ಟು ತಾಮ್ರ ಆ ಪೆನ್ನಿಗೆ ಗೊತ್ತೇ ಆಗುವುದಿಲ್ಲ.

ಪ್ರಶ್ನೆ (ಮಂಡ್ಯದಿಂದ ಇನ್ನೊಬ್ಬರು):
ಸರ್, ಮಧ್ಯೆ ಬಂದೆ. ಗದ್ದೆಗೆ ಔಷಧಿ ಕಲಸುತ್ತಿದ್ದ 200 ಲೀಟರಿನ ನೀಲಿ ಡ್ರಂ ಇದೆ. ಸೋಪು ಹಾಕಿ ಚೆನ್ನಾಗಿ ಉಜ್ಜಿದರೆ ನಡೆಯುತ್ತಾ? ಇನ್ನೊಂದು, ನಮ್ಮ ಬೀದಿಗೆ ಆರೋಗ್ಯ ಇಲಾಖೆಯವರು ಬಂದು ಡ್ರಂ, ತೊಟ್ಟಿಗಳಿಗೆ ಸೊಳ್ಳೆಮರಿ ಔಷಧಿ ಹಾಕಿ ಹೋದರು. ಆ ನೀರು?

ಉತ್ತರ:
ಆ ಡ್ರಂ ಬೇಡವೇ ಬೇಡ. ಕೀಟನಾಶಕವನ್ನು ಪ್ಲಾಸ್ಟಿಕ್ ಒಳಗೇ ಹೀರಿಕೊಂಡಿರುತ್ತದೆ, ಎಷ್ಟು ಉಜ್ಜಿದರೂ ನಂಬುವಂತಿಲ್ಲ. ಸೆಕೆಂಡ್ ಹ್ಯಾಂಡ್ ಡ್ರಮ್ಮಿನಲ್ಲಿ ಮೊದಲು ಏನಿತ್ತು ಅಂತ ಗೊತ್ತಿಲ್ಲದಿದ್ದರೂ ಇದೇ ಉತ್ತರ. ಸೋಪು ಅಂತೂ ಯಾವ ಡ್ರಮ್ಮಿಗೂ ಬೇಡ.

ಲಾರ್ವಾ ಸಮೀಕ್ಷೆಗೆ ಬರುವವರು ಸಾಮಾನ್ಯವಾಗಿ ಹಾಕುವುದು ಟೆಮಿಫಾಸ್ ಅನ್ನುವ ಕೀಟನಾಶಕ. ಡೆಂಗಿ ತಡೆಯಲು ಅದು ಬೇಕು, ಅವರಿಗೆ ಅಡ್ಡ ಬರಬೇಡಿ. ಆದರೆ ಸಿಗಡಿ ಇದ್ದ ಟ್ಯಾಂಕಿಗೆ ಆ ನೀರು ಒಂದು ಮಗ್ ಕೂಡ ಬೇಡ. ಮೀನಿನ ನೀರಿನ ಡ್ರಮ್ಮಿಗೆ ಬಿಗಿ ಮುಚ್ಚಳ ಹಾಕಿ, ಗಾಳಿ ತೂತಿಗೆ ಬಲೆ ಕಟ್ಟಿ. ಸೊಳ್ಳೆಮರಿ ಇಲ್ಲ ಅಂತ ಅವರಿಗೇ ತೆರೆದು ತೋರಿಸಿ, ಔಷಧಿ ಹಾಕಬೇಡಿ ಅಂತ ಕೇಳಿಕೊಳ್ಳಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ತಿಳಿ ನೀರಿಗೇ.

ನಿಮಗೆ ಕಾವೇರಿ ನಲ್ಲಿ ನೀರು ಬರುತ್ತಿದ್ದರೆ ಆರ್‌ಒ ಯಾಕೆ? ಗಪ್ಪಿ, ಗೋಲ್ಡ್‌ಫಿಶ್, ಮೋಲಿಗೆಲ್ಲ ಆ ನೀರು ಸಾಕು. ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹನಿ ಹಾಕಿ ಬಳಸಿ.

ಪ್ರಶ್ನೆ (ಕುವೆಂಪುನಗರ):
ಸೋಪು ಬೇಡ ಅಂದರೆ ಡ್ರಂ ಹೇಗೆ ತೊಳೆಯಲಿ ಸರ್?

ಉತ್ತರ:
ತಿಂಗಳಿಗೊಮ್ಮೆ ಪೂರ್ತಿ ಖಾಲಿ ಮಾಡಿ, ಒಳಗೋಡೆ ಮುಟ್ಟಿ ನೋಡಿ. ಲೋಳೆ ಲೋಳೆ ಅನ್ನಿಸಿದರೆ ವಿನೆಗರ್ ಹಾಕಿದ ನೀರಿನಲ್ಲಿ ಹೊಸ ಸ್ಪಾಂಜಿನಿಂದ ಉಜ್ಜಿ, ಎರಡು ಮೂರು ಸಲ ಜಾಲಿಸಿ, ಬಿಸಿಲಿಗೆ ಬೋರಲು ಹಾಕಿ. ಆ ಸ್ಪಾಂಜನ್ನು ಪಾತ್ರೆ ತೊಳೆಯುವ ಜಾಗದಲ್ಲಿ ಇಡಬೇಡಿ, ಮನೆಯಲ್ಲಿ ಯಾರಾದರೂ ಸೋಪಿಗೆ ಅದ್ದಿಬಿಡುತ್ತಾರೆ.