ದೂರ 15,350 ಕಿ.ಮೀ., ಟಿಕೆಟ್‌ನಲ್ಲಿ ಹದಿನೆಂಟೂವರೆ ಗಂಟೆ: ಲೆಕ್ಕ ಯಾಕೆ ಕೂಡುತ್ತಿಲ್ಲ?

ಪ್ರಶ್ನೆ: ಸಿಂಗಪುರದ ಚಾಂಗಿಯಿಂದ ನ್ಯೂಯಾರ್ಕಿನ ಜೆಎಫ್‌ಕೆಗೆ ನೇರ ವಿಮಾನ ನೋಡುತ್ತಿದ್ದೇನೆ. ದೂರ ಸುಮಾರು 15,350 ಕಿ.ಮೀ. ಅಂತ ಬರುತ್ತದೆ. ಗಂಟೆಗೆ 900ರಂತೆ ಭಾಗಿಸಿದರೆ 17 ಗಂಟೆ. ಟಿಕೆಟ್‌ನಲ್ಲಿ ಮಾತ್ರ ಹದಿನೆಂಟೂವರೆಗಿಂತ ಜಾಸ್ತಿ. ವಿಮಾನದ ರೂಟ್ ಹಾಕುವವರು ಇದ್ದರೆ ಹೇಳಿ ಸರ್.

ಉತ್ತರ (ಫ್ಲೈಟ್ ಡಿಸ್ಪ್ಯಾಚರ್): ನಿಮ್ಮ ಭಾಗಾಕಾರ ಸರಿಯಾಗಿಯೇ ಇದೆ. ಆದರೆ 15,350 ಅನ್ನುವುದು ಗೋಳದ ಮೇಲೆ ದಾರ ಬಿಗಿದು ಅಳೆದ ದೂರ. ಈ ಎರಡು ಊರು ಭೂಮಿಯ ಹೆಚ್ಚುಕಡಿಮೆ ಎದುರುಬದುರು ರೇಖಾಂಶದಲ್ಲಿವೆ. ಹಾಗಾಗಿ ಆ ದಾರ ಉತ್ತರ ಧ್ರುವದ ಹತ್ತಿರವೇ ಹೋಗುತ್ತದೆ.

ನಾವು ದೂರ ನೋಡಿ ರೂಟ್ ಹಾಕುವುದಿಲ್ಲ, ಗಾಳಿ ನೋಡಿ ಹಾಕುತ್ತೇವೆ. ವಿಮಾನ ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಬೀಸುತ್ತದೆ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿ.ಮೀ. ದಾಟುವುದು ಮಾಮೂಲು. ಅದು ಬೆನ್ನಿಗೆ ಸಿಕ್ಕರೆ 900ರ ವಿಮಾನ ನೆಲದ ಲೆಕ್ಕದಲ್ಲಿ 1,100ರಲ್ಲಿ ಓಡುತ್ತದೆ. ಎದುರಾದರೆ 700. ಅದಕ್ಕೇ ಚಾಂಗಿಯಿಂದ ಹೊರಟ ವಿಮಾನ ಹಲವು ಸಲ ಜಪಾನಿನ ಕಡೆಯಿಂದ ಉತ್ತರ ಪೆಸಿಫಿಕ್ ದಾಟಿ ಹೋಗುತ್ತದೆ. ದಾರಿ 16,000 ಕಿ.ಮೀ. ಮೀರಿದರೂ ಸಮಯ, ಇಂಧನ ಎರಡೂ ಉಳಿಯುತ್ತವೆ.

ಇನ್ನು ಟಿಕೆಟ್‌ನ ಸಮಯ ಗೇಟ್ ಬಿಟ್ಟಾಗಿನಿಂದ ಇನ್ನೊಂದು ಗೇಟ್ ಸೇರುವ ತನಕ. ರನ್‌ವೇ ತನಕ ಉರುಳುವುದು, ಸರದಿಗೆ ಕಾಯುವುದು, ಇಳಿಯುವ ಮುಂಚೆ ಸುತ್ತುವುದು ಎಲ್ಲ ಅದರೊಳಗೇ.

ಪ್ರಶ್ನೆ: ಹಾಗಾದರೆ ವಾಪಸ್ ಬರುವಾಗ ಇನ್ನೂ ಜಾಸ್ತಿ ಆಗಬೇಕು ಅಲ್ವಾ?

ಉತ್ತರ: ಈ ಜೋಡಿಯಲ್ಲಿ ಅಷ್ಟೇನಿಲ್ಲ. ಎದುರುಬದುರು ಇರುವುದರಿಂದ ವಾಪಸ್ ಬರುವಾಗಲೂ ಅಟ್ಲಾಂಟಿಕ್ ಮೇಲೆ ಪೂರ್ವಕ್ಕೇ ಹೋಗಬಹುದು! ವ್ಯತ್ಯಾಸ ಚೆನ್ನಾಗಿ ಕಾಣುವುದು ಲಂಡನ್–ನ್ಯೂಯಾರ್ಕ್ ನಡುವೆ. ಹೋಗುವಾಗ ಸುಮಾರು 8 ಗಂಟೆ, ಬರುವಾಗ 7. ಫೆಬ್ರವರಿ 2020ರಲ್ಲಿ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ಬಿರುಗಾಳಿಯ ಬೆನ್ನೇರಿ ನ್ಯೂಯಾರ್ಕಿನಿಂದ ಲಂಡನ್ನಿಗೆ ಐದು ಗಂಟೆಯೊಳಗೆ ತಲುಪಿತ್ತು.

ಗಾಳಿ ಬಿಟ್ಟರೆ ರಾಜಕೀಯ. ಹೆಲ್ಸಿಂಕಿ–ಟೋಕಿಯೋ ಮೊದಲು ಒಂಬತ್ತೂವರೆ ಗಂಟೆಯ ಆಸುಪಾಸಿನಲ್ಲಿತ್ತು. 2022ರಲ್ಲಿ ರಷ್ಯಾದ ಆಕಾಶ ಮುಚ್ಚಿದ ಮೇಲೆ ಸುಮಾರು 13 ಆಯಿತು. ಊರುಗಳು ಇದ್ದಲ್ಲೇ ಇವೆ, ದೂರದ ಕ್ಯಾಲ್ಕ್ಯುಲೇಟರ್ ಇಂದಿಗೂ ಹಳೆಯ ಅಂಕಿಯನ್ನೇ ತೋರಿಸುತ್ತದೆ.

ಪ್ರಶ್ನೆ: ರಾತ್ರಿ 11ಕ್ಕೆ ಹೊರಟು ಬೆಳಗಿನ ಜಾವ ಐದರೊಳಗೆ ತಲುಪುತ್ತದೆ ಅಂತ ತೋರಿಸುತ್ತಿದೆ. ತಪ್ಪು ಅಚ್ಚಾಗಿದೆಯಾ?

ಉತ್ತರ: ಇಲ್ಲ, ಎರಡೂ ಆಯಾ ಊರಿನ ಗಡಿಯಾರ. ರಾತ್ರಿ 11ಕ್ಕೆ 18 ಗಂಟೆ 40 ನಿಮಿಷ ಕೂಡಿಸಿ. ಸಿಂಗಪುರದಲ್ಲಿ ಮರುದಿನ ಸಂಜೆ 5:40. ಚಳಿಗಾಲದಲ್ಲಿ ನ್ಯೂಯಾರ್ಕ್ 13 ಗಂಟೆ ಹಿಂದೆ, ಅಂದರೆ ಅಲ್ಲಿ ಬೆಳಗಿನ ಜಾವ 4:40. ಬೇಸಿಗೆಯಲ್ಲಿ ಅಂತರ 12 ಗಂಟೆ, ಆಗ 5:40 ಆಗುತ್ತದೆ. ಮುಂದಿನ ವಿಮಾನ ಹಿಡಿಯುವುದಿದ್ದರೆ ಆ ತಿಂಗಳ ಅಂತರವನ್ನೇ ಹಿಡಿದು ಲೆಕ್ಕ ಹಾಕಿ.