ಪದಚರ್ಚೆ: ನಿದ್ದೆ ಬಾರದಿರುವುದು ಬೇರೆ, ಬೇಕೆನಿಸದಿರುವುದು ಬೇರೆ

ಗೆಳೆಯರೇ,

ಖಿನ್ನತೆ ಮತ್ತು ಬೈಪೋಲಾರ್ ಕಾಯಿಲೆ (ಒಮ್ಮೆ ಖಿನ್ನತೆ, ಇನ್ನೊಮ್ಮೆ ಮಿತಿಮೀರಿದ ಹುರುಪಿನ ಉನ್ಮಾದ ಬಂದುಹೋಗುವ ಕಾಯಿಲೆ) ಇರುವವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ‘ನಿದ್ರಾಹೀನತೆ’ ಎಂಬ ಪದಕ್ಕೆ ಬಂದು ನಿಂತುಬಿಟ್ಟಿದ್ದೇನೆ.

ನನ್ನ ತಂಗಿಗೆ ಬೈಪೋಲಾರ್ ಇದೆ. ಕಾಯಿಲೆ ಇನ್ನೂ ಪತ್ತೆಯಾಗದಿದ್ದ ದಿನಗಳಲ್ಲಿ ಒಂದು ಚಿಕಿತ್ಸಾಲಯದಲ್ಲಿ ಅವಳ ಕೈಗೆ ಪ್ರಶ್ನಾವಳಿ ಕೊಟ್ಟರು. ‘ನಿದ್ರಾಹೀನತೆ ಇದೆಯೇ?’ ಎಂಬ ಸಾಲಿನ ಮುಂದೆ ಅವಳು ‘ಇಲ್ಲ’ ಎಂದು ಗುರುತು ಹಾಕಿದಳು. ಆ ವಾರವೆಲ್ಲ ಅವಳು ರಾತ್ರಿಗೆ ಮೂರು ಗಂಟೆಯೂ ಮಲಗಿರಲಿಲ್ಲ. ಹಿಂದಿನ ರಾತ್ರಿ ನಾನು ಎದ್ದು ನೋಡಿದಾಗ, ಬೀರುವಿನ ಬಟ್ಟೆಯನ್ನೆಲ್ಲ ಹೊರಗೆ ಹಾಕಿಕೊಂಡು ಹಾಡು ಗುನುಗುತ್ತ ಇಸ್ತ್ರಿ ಮಾಡುತ್ತಿದ್ದಳು. ‘ನಿದ್ದೆ ಬರಲಿಲ್ಲವೇನೇ?’ ಎಂದೆ. ‘ಆಯಿತಲ್ಲಕ್ಕಾ ನಿದ್ದೆ’ ಎಂದಳು. ಅವಳು ನನಗೂ ಸುಳ್ಳು ಹೇಳಲಿಲ್ಲ, ಪ್ರಶ್ನಾವಳಿಯಲ್ಲೂ ಸುಳ್ಳು ಬರೆಯಲಿಲ್ಲ. ಅವಳಿಗೆ ಆಗುತ್ತಿದ್ದುದಕ್ಕೆ ಆ ಹಾಳೆಯಲ್ಲಿ ಪದವಿರಲಿಲ್ಲ.

ಖಿನ್ನತೆಯಲ್ಲಿ ಮನುಷ್ಯ ನಿದ್ದೆಗಾಗಿ ಹಂಬಲಿಸುತ್ತಾನೆ. ನಿದ್ದೆ ಹತ್ತುವುದಿಲ್ಲ, ಹತ್ತಿದರೂ ನಿಲ್ಲುವುದಿಲ್ಲ, ಬೆಳಗಿನ ಜಾವ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುವುದಿಲ್ಲ. ಹಗಲೆಲ್ಲ ದಣಿವು. ಉನ್ಮಾದದಲ್ಲಿ ಆ ದಣಿವೇ ಇಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿ ಇವೆರಡನ್ನೂ ಬೇರೆ ಬೇರೆ ಲಕ್ಷಣಗಳೆಂದೇ ಗುರುತಿಸುತ್ತದೆ. ಉನ್ಮಾದಕ್ಕೆ ಅದು ಕೊಡುವ ಉದಾಹರಣೆ, 3 ಗಂಟೆ ಮಲಗಿದರೂ ದಣಿವಾರಿದಂತೆ ಅನಿಸುವುದು. ಕನ್ನಡಕ್ಕೆ ಬರುವಾಗ ಎರಡೂ ‘ನಿದ್ರಾಹೀನತೆ’ಯೇ ಆಗಿಬಿಡುತ್ತವೆ.

‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆ ನಮ್ಮ ತಲೆಯಲ್ಲಿ ಆಳವಾಗಿ ಕೂತಿದೆ. ಹಾಗಾಗಿ ನಿದ್ದೆಯಿಲ್ಲದವನು ಚಿಂತೆಯಲ್ಲಿರಬೇಕು ಎಂದುಕೊಳ್ಳುತ್ತೇವೆ. ನಗುನಗುತ್ತ ರಾತ್ರಿಯಿಡೀ ಓಡಾಡುವವನನ್ನು ಕಂಡು ಗಾಬರಿಯಾಗುವುದಿಲ್ಲ. ಆದರೆ ಅದು ಎಷ್ಟೋ ಸಲ ಉನ್ಮಾದ ಏರುತ್ತಿರುವುದರ ಮೊದಲ ಸುಳಿವು. ಅದು ಕಣ್ಣುತಪ್ಪಿ, ಬೈಪೋಲಾರ್ ಇರುವವರಿಗೆ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಉನ್ಮಾದ ಇನ್ನೂ ಕೆರಳುವ ಅಪಾಯವಿದೆ. ಇಲ್ಲಿ ಪದ ತಪ್ಪಿದರೆ ಚಿಕಿತ್ಸೆಯೂ ತಪ್ಪಬಹುದು.

‘ಹೀನ’ ಎನ್ನುವುದು ಇಲ್ಲವೆಂದಷ್ಟೇ ಹೇಳುತ್ತದೆ. ಬೇಕಿತ್ತೋ ಬೇಡವಾಗಿತ್ತೋ ಹೇಳುವುದಿಲ್ಲ. ‘ನಿದ್ದೆಗೆಡು’ ಹಸುಗೂಸಿನ ತಾಯಿಗೂ ಪರೀಕ್ಷೆಗೆ ಓದುವವನಿಗೂ ಸಲ್ಲುವ ಪದ. ‘ಅಲ್ಪನಿದ್ರೆ’ ಬರೀ ಗಂಟೆಯ ಲೆಕ್ಕ. ‘ನಿದ್ರೆಯ ಅಗತ್ಯದ ಇಳಿಕೆ’ ಅರ್ಥಕ್ಕೆ ಸರಿಯಾಗಿದೆ, ಆದರೆ ಯಾರ ಬಾಯಲ್ಲೂ ಹೊರಳದು. ‘ನಿದ್ದೆ ಬೇಡವಾಗುವುದು’ ಎಂದು ಮೊದಲು ಬರೆದಿದ್ದೆ, ಹೊಡೆದುಹಾಕಿದೆ: ‘ಊಟ ಬೇಡವಾಗಿದೆ’ ಎಂದರೆ ಅದರಲ್ಲಿ ಬೇಸರವಿದೆ, ಉನ್ಮಾದದಲ್ಲಿ ಆ ಬೇಸರವಿಲ್ಲ. ಸದ್ಯಕ್ಕೆ ‘ನಿದ್ದೆ ಬೇಕೆನಿಸದಿರುವಿಕೆ’ ಎಂದು ಇಟ್ಟುಕೊಂಡಿದ್ದೇನೆ.

ಪ್ರಶ್ನಾವಳಿಗೆ ನಾಮಪದವೇ ಬೇಡವೆಂದು ನನ್ನ ಅನಿಸಿಕೆ. ‘ಮಲಗಿದರೂ ನಿದ್ದೆ ಬರುವುದಿಲ್ಲವೇ?’, ‘ಎರಡು ಮೂರು ಗಂಟೆಯ ನಿದ್ದೆಯೇ ಸಾಕೆನಿಸುತ್ತಿದೆಯೇ?’ ಎಂದು ಎರಡಾಗಿ ಕೇಳಿದರೆ ನನ್ನ ತಂಗಿಯಂಥವರು ಎರಡನೆಯದಕ್ಕೆ ‘ಹೌದು’ ಎನ್ನುತ್ತಾರೆ. ಖಿನ್ನತೆಯಲ್ಲಿ ಕೆಲವರು ಹನ್ನೆರಡು ಗಂಟೆ ಮಲಗುವುದೂ ಉಂಟು. ಅದಕ್ಕೆ ‘ಅತಿನಿದ್ರೆ’ ಸಾಕು, ‘ಕುಂಭಕರ್ಣ’ ಎಂದು ಹಂಗಿಸುವುದನ್ನು ಬಿಟ್ಟರಾಯಿತು.

ಆದರೆ ಅಧ್ಯಾಯದ ತಲೆಬರಹಕ್ಕೆ ಒಂದು ಪದ ಬೇಕೇ ಬೇಕು. ನಿಮ್ಮ ಕಡೆಯ ಮಾತಿನಲ್ಲಿ, ಸ್ವಲ್ಪ ನಿದ್ದೆಗೇ ತಣಿದು ಎದ್ದುಬಿಡುವುದಕ್ಕೆ ಬೇರೆ ಹೆಸರಿದೆಯೇ?